ವರ್ತುಲ ರಸ್ತೆಯಲ್ಲಿ ನಮ್ಮ ಪಾಲು

ಮುಂಬಯಿ ದ್ವೀಪನಗರದ ಸುತ್ತ ಒಂದು ವರ್ತುಲ ರಸ್ತೆ ಕೂಡಿಬರುತ್ತಿದೆ. ಒಂದೇ ಹೆಸರಿನಿಂದ, ಒಂದೇ ಶಂಕುಸ್ಥಾಪನೆಯಿಂದ ಅದು ಆರಂಭವಾಗಲಿಲ್ಲವಾದ ಕಾರಣ ನಮ್ಮ ಬಾಂಧವರಲ್ಲಿ ಬಹುಮಂದಿಗೆ ಅದು ವರ್ತುಲವೆಂದು ತೋರಿರಲಿಕ್ಕಿಲ್ಲ. ನಕಾಶೆಯನ್ನು ಎದುರಿಗಿಟ್ಟುಕೊಂಡು ಬೆರಳಾಡಿಸಿದರೆ ಸಂಗತಿ ಸ್ಪಷ್ಟವಾಗುತ್ತದೆ. ಪೂರ್ವಕ್ಕೆ, ಬಂದರಿನ ಪಕ್ಕದ ಆರೆಂಜ್ ಗೇಟಿನಿಂದ ಚೆಂಬೂರು ದಾಟಿ ಘಾಟಕೋಪರದ ಕಡೆಗೆ ಸುಮಾರು 17 ಕಿಲೋಮೀಟರು ಉದ್ದದ ಈಸ್ಟರ್ನ್ ಫ್ರೀವೇ. ಇದರ ಮೊದಲ ಭಾಗ 2013ರಲ್ಲಿ ತೆರೆಯಿತು. ಪಶ್ಚಿಮಕ್ಕೆ, ಮರೀನ್ ಡ್ರೈವಿನಿಂದ ವರಳಿಯವರೆಗೆ ಸುಮಾರು ಹತ್ತೂವರೆ ಕಿಲೋಮೀಟರಿನ ಕರಾವಳಿ ರಸ್ತೆ. ಇದರ ಮೊದಲ ಭಾಗ 2024ರ ಮಾರ್ಚಿನಲ್ಲಿ ತೆರೆಯಿತು. ಉತ್ತರಕ್ಕೆ ವರಳಿಯನ್ನೂ ಶಿವಡಿಯನ್ನೂ ಕೂಡಿಸುವ ನಾಲ್ಕೂವರೆ ಕಿಲೋಮೀಟರಿನ ಎತ್ತರದ ರಸ್ತೆ. ದಕ್ಷಿಣಕ್ಕೆ ಆರೆಂಜ್ ಗೇಟಿನಿಂದ ಮರೀನ್ ಡ್ರೈವಿಗೆ ನೆಲದಡಿಯಿಂದ ಹೋಗುವ ಸುಮಾರು 9 ಕಿಲೋಮೀಟರಿನ ಸುರಂಗಮಾರ್ಗ. ಮೊದಲೆರಡು ಬದಿಗಳಲ್ಲಿ ವಾಹನ ಓಡುತ್ತಿವೆ. ಉಳಿದೆರಡು ಬದಿಗಳ ಕೆಲಸವನ್ನು ಕೈಗೆತ್ತಿಕೊಳ್ಳಲಾಗಿದೆ. ನಾಲ್ಕೂ ಕೂಡಿದಾಗ ಊರಿಗೊಂದು ಡಾಬು ಕಟ್ಟಿದಂತಾಗುವುದು. ಈ ಡಾಬು ಯಾರ ಸೊಂಟಕ್ಕೆ ಎಂಬುದೇ ಈ ಸಂಚಿಕೆಯಲ್ಲಿ ನಾವು ಕೇಳಬಯಸುವ ಪ್ರಶ್ನೆ.

ಕಲ್ಪನೆ ಹೊಸದೇನಲ್ಲ. 1962-63ರಲ್ಲಿಯೇ ವಿಲ್ಬರ್ ಸ್ಮಿತ್ ಎಂಬ ಅಮೇರಿಕದ ಸಂಸ್ಥೆಯವರು ಈ ನಗರದ ಸಂಚಾರವನ್ನು ಅಭ್ಯಾಸ ಮಾಡಿ, ದ್ವೀಪದ ಎರಡು ಅಂಚುಗಳಲ್ಲಿಯೂ ತಡೆಯಿಲ್ಲದ ವೇಗದ ರಸ್ತೆಗಳು ಬೇಕೆಂದು ಸಲಹೆ ಕೊಟ್ಟಿದ್ದರು. ಮುಂಬಯಿಯ ಆಕಾರವೇ ಅಂತಹದು. ಉತ್ತರದಿಂದ ದಕ್ಷಿಣಕ್ಕೆ ಬೆರಳಿನಂತೆ ಚಾಚಿರುವ ಊರು. ಎಲ್ಲ ವಾಹನಗಳೂ ನಡುವಿನ ಕೆಲವೇ ಬೀದಿಗಳಲ್ಲಿ ನುಗ್ಗಬೇಕು. ಊರೊಳಗೆ ಕೆಲಸವಿಲ್ಲದೆ ದಾಟಿಹೋಗುವ ವಾಹನಗಳನ್ನು ಅಂಚಿಗೆ ಕಳಿಸಿದರೆ ಒಳಬೀದಿಗಳು ಹಗುರವಾಗುತ್ತವೆ. ನಮ್ಮ ಬಸ್ಸು ಬೇಗ ಬಂದೀತು, ಪರಳದ ಆಸ್ಪತ್ರೆಗೆ ಹೋಗುವ ಗಾಡಿಗೆ ದಾರಿ ಸಿಕ್ಕೀತು. ಆದುದರಿಂದ ರಸ್ತೆಯೇ ಬೇಡವೆಂದು ನಾವು ಹೇಳುವವರಲ್ಲ. ದುಡಿಯುವವನು ಯಾವ ಕಾಲಕ್ಕೂ ಕಟ್ಟುವ ಕೆಲಸಕ್ಕೆ ವಿರೋಧಿಯಾದವನಲ್ಲ. ಕಟ್ಟಿದ್ದರಲ್ಲಿ ತನ್ನ ಪಾಲೆಷ್ಟು ಎಂದು ಕೇಳುವ ಹಕ್ಕು ಮಾತ್ರ ಅವನಿಗುಂಟು.

ಈಗ ಆ ಪಾಲಿನ ವಿಚಾರ. ಕರಾವಳಿ ರಸ್ತೆಯಲ್ಲಿ ಬೈಕು, ಸ್ಕೂಟರುಗಳಿಗೆ ಪ್ರವೇಶವಿಲ್ಲ, ರಿಕ್ಷಾಕ್ಕಿಲ್ಲ, ವಾಹನ ಓಡುವಲ್ಲಿ ನಡೆಯುವವನಿಗಂತೂ ಇಲ್ಲವೇ ಇಲ್ಲ. ಈಸ್ಟರ್ನ್ ಫ್ರೀವೇಯಲ್ಲಿಯೂ, ಬಾಂದ್ರಾ-ವರಳಿ ಸಮುದ್ರ ಸೇತುವೆಯಲ್ಲಿಯೂ, 2024ರ ಜನವರಿಯಲ್ಲಿ ತೆರೆದ ಶಿವಡಿ-ನ್ಹಾವಾಶೇವಾ ಸೇತುವೆಯಲ್ಲಿಯೂ ಬೈಕಿಗೆ ಇದೇ ನಿಷೇಧ. ನಮ್ಮ ಹೋಟೆಲು ಕಾರ್ಮಿಕರ ದಿನಚರಿಯನ್ನು ನೋಡಿರಿ. ಹಿಂದೆ ಮಾಣಿಗಳು ಹೋಟೆಲಿನ ಮಾಳಿಗೆಯಲ್ಲಿಯೋ ಬಾಂಕಿನ ಮೇಲೆಯೋ ಮಲಗಿ ಬೆಳಿಗ್ಗೆ ಎದ್ದು ಒಲೆ ಹೊತ್ತಿಸುತ್ತಿದ್ದರು. ಇಂದು ಸಂಸಾರ ಕಟ್ಟಿಕೊಂಡವರು ವಿರಾರ, ನಾಲಾಸೋಪಾರಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಮಾಡಿದ್ದಾರೆ. ಬೆಳಗಿನ ಇಡ್ಲಿಯ ಹಬೆ ಏಳಬೇಕಾದರೆ ಅಡುಗೆಯವನು ಸೂರ್ಯನಿಗಿಂತ ಮೊದಲು ಬರಬೇಕು. ರಾತ್ರಿ ಕೊನೆಯ ಗಿರಾಕಿ ಎದ್ದುಹೋಗಿ ಪಾತ್ರೆ ತೊಳೆದು ಗಲ್ಲೆಯ ಲೆಕ್ಕ ಮುಗಿಯುವಾಗ ನಡುರಾತ್ರಿ ಕಳೆದಿರುತ್ತದೆ. ಲೋಕಲು ಗಾಡಿ ನಡುರಾತ್ರಿಯ ಮೇಲೆ ಕೆಲವು ತಾಸು ನಿಂತುಬಿಡುತ್ತದೆ. ಆ ಹೊತ್ತಿನಲ್ಲಿ ಇಬ್ಬರು ಸೇರಿ ಒಂದು ಬೈಕಿನಲ್ಲಿ ಹೋಗುವವರೇ ಹೆಚ್ಚು. ಕರಾವಳಿ ರಸ್ತೆ 2025ರ ಆಗಸ್ಟಿನಿಂದ ಇಪ್ಪತ್ತನಾಲ್ಕು ತಾಸೂ ತೆರೆದಿದೆ. ತೆರೆದಿದೆ, ಆದರೆ ಅವರಿಗಲ್ಲ.

ವೇಗದ ರಸ್ತೆಯಲ್ಲಿ ಬೈಕು ಅಪಾಯಕರ, ಆದುದರಿಂದ ನಿಷೇಧ ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ನಮ್ಮವರ ಜೀವ ನಮಗೆ ಹಗುರವಲ್ಲ. ಆದರೆ ಬೈಕಿನವನನ್ನು ಅವನ ಹಿತಕ್ಕಾಗಿಯೇ ತಡೆದವರು ಅವನಿಗೆ ಹೋಗಲು ಬೇರೆ ಸಾಧನವನ್ನೂ ಒದಗಿಸಬೇಕಷ್ಟೆ? ಆ ಸಾಧನ ಬಸ್ಸು. ಇಲ್ಲಿ ಒಂದು ಸರಳ ಲೆಕ್ಕ ಮಾಡೋಣ. ರಸ್ತೆಯ ಒಂದು ಸಾಲಿನಲ್ಲಿ ಗಂಟೆಗೆ ಹೆಚ್ಚೆಂದರೆ ಎರಡು ಸಾವಿರ ಕಾರು ಹೋದಾವು. ಕಾರಿಗೆ ಒಂದೂವರೆ ಜನರಂತೆ ಹಿಡಿದರೂ ಮೂರು ಸಾವಿರ ಜನ. ಅದೇ ಸಾಲಿನಲ್ಲಿ ನಿಮಿಷಕ್ಕೊಂದು ಬಸ್ಸು ಬಿಟ್ಟು, ಬಸ್ಸಿಗೆ ಅರುವತ್ತು ಮಂದಿ ಕುಳಿತು ನಿಂತು ಹೋದರೆ ಮೂರು ಸಾವಿರದ ಆರುನೂರು ಜನ. ಸಾಲು ಮುಕ್ಕಾಲುಪಾಲು ಬರಿದಾಗಿಯೇ ಇರುತ್ತದೆ. ಅರ್ಧ ನಿಮಿಷಕ್ಕೊಂದು ಬಿಟ್ಟರೆ ಏಳು ಸಾವಿರದ ಇನ್ನೂರು. ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಒಯ್ಯುವುದೇ ಸಂಚಾರ ಸುಧಾರಣೆಯ ಅರ್ಥವಾಗಿದ್ದರೆ ಮೊದಲ ಸಾಲು ಬಸ್ಸಿಗೆ ಸಲ್ಲತಕ್ಕದ್ದು.

ಇದನ್ನು ಯೋಜನೆ ಬರೆದವರೂ ತಿಳಿದಿದ್ದರು. ಕರಾವಳಿ ರಸ್ತೆಯನ್ನು ಜನರ ಮುಂದಿಟ್ಟಾಗ ಎಂಟು ಸಾಲುಗಳಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಸಾಲು ಇರುವುದೆಂದು ಕಾಗದದಲ್ಲಿ ಬರೆದಿತ್ತು. ರಸ್ತೆ ತೆರೆದ ಮೇಲೆ ಅದರಲ್ಲಿ ಓಡಿದ ಬಸ್ಸು ಬೆರಳೆಣಿಕೆಯವು. ಹನ್ನೆರಡು ಸಾವಿರ ಕೋಟಿಗೂ ಮೀರಿದ ಹಣ ಹಾಕಿ ಈ ರಸ್ತೆಯನ್ನು ಕಟ್ಟಿದ್ದು ಮುಂಬಯಿ ಮಹಾನಗರಪಾಲಿಕೆ. ಬೆಸ್ಟ್ ಬಸ್ಸು ಕೂಡ ಅದೇ ಪಾಲಿಕೆಯ ಸಂಸ್ಥೆ. ಒಂದು ಕೈಗೆ ಹಣದ ಕೊರತೆಯಿಲ್ಲ, ಇನ್ನೊಂದು ಕೈ ಸದಾ ನಷ್ಟದ ರಾಗ ಹಾಡುತ್ತದೆ. ಒಂದು ಕಾಲಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚಿದ್ದ ಬೆಸ್ಟ್ ಬಸ್ಸುಗಳು 2025ರಲ್ಲಿ ಮೂರು ಸಾವಿರಕ್ಕೂ ಕೆಳಗಿಳಿದವು. ಅವುಗಳಲ್ಲಿಯೂ ಹೆಚ್ಚಿನವು ಗುತ್ತಿಗೆದಾರರವು. 2024ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರವು ನಗರದ ಐದೂ ಪ್ರವೇಶ ನಾಕೆಗಳಲ್ಲಿ ಕಾರುಗಳ ಟೋಲನ್ನು ಮನ್ನಾ ಮಾಡಿತು. ಏಳು ತಿಂಗಳು ಕಳೆದು, 2025ರ ಮೇ ತಿಂಗಳಲ್ಲಿ, ಬಸ್ಸಿನ ಕನಿಷ್ಠ ದರ ಐದು ರೂಪಾಯಿಯಿಂದ ಹತ್ತಕ್ಕೇರಿತು. ಕಾರಿನವನಿಗೆ ಮನ್ನಾ, ಬಸ್ಸಿನವನಿಗೆ ದುಪ್ಪಟ್ಟು! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯಲ್ಲಿ ಹೊಟ್ಟೆಯೂ ಜುಟ್ಟೂ ಒಬ್ಬನವೇ. ಇಲ್ಲಿ ಹೊಟ್ಟೆ ಒಬ್ಬನದು, ಜುಟ್ಟು ಇನ್ನೊಬ್ಬನದು.

ಕಾಗದದಲ್ಲಿ ಬರೆದದ್ದು ಹೇಗೆ ಕರಗಿಹೋಗುತ್ತದೆ ಎಂಬುದನ್ನು ನಮ್ಮ ಗಿರಣಿ ಕಾರ್ಮಿಕ ಬಾಂಧವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. 1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಬಂದರು. ಹೆಚ್ಚಿನವರು ಮರಳಿ ಸಾಂಚೆಯ ಮುಂದೆ ನಿಲ್ಲಲೇ ಇಲ್ಲ. ಗಿರಣಿಗಳ ನೆಲವನ್ನು ಬೇರೆ ಉಪಯೋಗಕ್ಕೆ ಬಿಡುವುದಾದರೆ ಒಂದು ಪಾಲು ಊರಿನ ಬಯಲು ಜಾಗಕ್ಕೆ, ಒಂದು ಪಾಲು ಸರಕಾರಿ ವಸತಿಗೆ, ಒಂದು ಪಾಲು ಮಾಲಿಕರಿಗೆ ಎಂದು 1991ರ ನಿಯಮದಲ್ಲಿ ಬರೆದಿತ್ತು. 2001ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ಕಟ್ಟಡಗಳಿರುವ ನೆಲವನ್ನು ಬಿಟ್ಟು, ಬರಿದಾಗಿದ್ದ ನೆಲವನ್ನು ಮಾತ್ರ ಹಂಚಿದರೆ ಸಾಕೆಂದಾಯಿತು. 2006ರಲ್ಲಿ ಸುಪ್ರೀಮ್ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮೂರರಲ್ಲಿ ಎರಡು ಪಾಲೆಂದು ನಂಬಿದ್ದು ಚೂರುಪಾರಾಯಿತು. ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರಲ್ಲಿ ಬಹುಮಂದಿಗೆ ಇಂದಿಗೂ ಬೀಗದ ಕೈ ಸಿಕ್ಕಿಲ್ಲ. ನೆಲದ ವಿಚಾರದಲ್ಲಿ ನಡೆದದ್ದು ರಸ್ತೆಯ ಸಾಲಿನ ವಿಚಾರದಲ್ಲಿಯೂ ನಡೆಯದೆಂದು ಹೇಗೆ ನಂಬೋಣ?

ಬಸ್ಸಿನ ಸಾಲನ್ನು ಕಾಯದೆ ಬಿಟ್ಟರೆ ವರ್ತುಲ ರಸ್ತೆಯ ಗತಿ ಏನೆಂಬುದನ್ನು ನಮ್ಮ ಬೆಂಗಳೂರಿನಲ್ಲಿ ಕಾಣಬಹುದು. ಲಾರಿಗಳು ಊರೊಳಗೆ ಬಾರದಿರಲೆಂದು ಅಭಿವೃದ್ಧಿ ಪ್ರಾಧಿಕಾರದವರು ಕಟ್ಟಿದ ಅಲ್ಲಿಯ ಹೊರ ವರ್ತುಲ ರಸ್ತೆ ಸುಮಾರು ಅರುವತ್ತು ಕಿಲೋಮೀಟರಿನದು. ರಸ್ತೆ ಬಂದೊಡನೆ ಅದರ ಎರಡೂ ಬದಿಗೆ ದೊಡ್ಡ ಕಚೇರಿಗಳು ಎದ್ದವು. ಕಚೇರಿಗಳ ಹಿಂದೆ ಕಾರುಗಳು ಬಂದವು. ಊರನ್ನು ಬಳಸಿ ಹೋಗಬೇಕಾಗಿದ್ದ ರಸ್ತೆಯೇ ಊರಿನ ನಡುಬೀದಿಯಾಯಿತು. 2019ರಲ್ಲಿ ರೇಷ್ಮೆ ಮಂಡಳಿಯಿಂದ ಕೃಷ್ಣರಾಜಪುರದ ಕಡೆಗೆ ಬಸ್ಸಿಗೊಂದು ಮೀಸಲು ಸಾಲನ್ನು ಗುರುತು ಮಾಡಿದರು. ಅದು ಬಹುಕಾಲ ಉಳಿಯಲಿಲ್ಲ. ರಸ್ತೆಯನ್ನು ಅಗಲ ಮಾಡಿದಷ್ಟೂ ಕಾರು ತುಂಬುತ್ತದೆ. ಬಸ್ಸಿನ ಜಾಗವನ್ನು ಮೊದಲೇ ಗಟ್ಟಿಯಾಗಿ ಕಟ್ಟಿ ಬೇರ್ಪಡಿಸಿದರೆ ಮಾತ್ರ ಅದು ಉಳಿಯುತ್ತದೆ.

ಮುಂಬಯಿಯ ವರ್ತುಲದ ಉತ್ತರದ ಬದಿಯಂತೂ ನಮ್ಮ ಗಿರಣಗಾಂವಿನ ಎದೆಯ ಮೇಲಿಂದಲೇ ಹೋಗುತ್ತದೆ. ಪರಳವನ್ನೂ ಪ್ರಭಾದೇವಿಯನ್ನೂ ಕೂಡಿಸುತ್ತಿದ್ದ ನೂರು ವರ್ಷಕ್ಕೂ ಹಳೆಯ ಎಲ್ಫಿನ್‌ಸ್ಟನ್ ಸೇತುವೆಯನ್ನು ಈ ರಸ್ತೆಗಾಗಿಯೇ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿದರು. ಅದೇ ನಿಲ್ದಾಣದ ಪಾದಚಾರಿ ಸೇತುವೆಯಲ್ಲಿ 2017ರ ಸೆಪ್ಟೆಂಬರ್ 29ರ ಬೆಳಿಗ್ಗೆ ನಡೆದದ್ದನ್ನು ಯಾರು ಮರೆತಾರು? ಗಿರಣಿಗಳಿದ್ದಲ್ಲಿ ಎತ್ತರದ ಕಚೇರಿಗಳು ಬಂದಿದ್ದವು, ಜನ ಹೆಚ್ಚಿದ್ದರು. ಮೆಟ್ಟಲು ಮಾತ್ರ ಹಿಂದಿನದೇ ಇಕ್ಕಟ್ಟಿನದು. ಮಳೆಗೆ ನಿಂತ ಜನದ ನೂಕುನುಗ್ಗಲಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಜೀವಗಳು ಹೋದವು. ಬಳಿಕ ಸೈನ್ಯವನ್ನು ಕರೆಸಿ ಕೆಲವೇ ತಿಂಗಳಲ್ಲಿ ಹೊಸ ಪಾದಚಾರಿ ಸೇತುವೆಯನ್ನು ಕಟ್ಟಿಸಿದರು; 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಮನಸ್ಸು ಮಾಡಿದರೆ ಅಷ್ಟು ಬೇಗ ಆಗುವ ಕೆಲಸ, ಜನ ಸಾಯುವ ಮೊದಲು ಏಕೆ ಆಗಲಿಲ್ಲ? ಈಗ ಅದೇ ಜಾಗದ ಮೇಲೆ ಮೋಟಾರಿಗಾಗಿ ಎರಡಂತಸ್ತಿನ ಸೇತುವೆ ಏಳಲಿದೆ. ಅದರ ಅಡಿಯಲ್ಲಿ ನಡೆಯುವವನಿಗೆ ಅಗಲವಾದ ದಾರಿ, ಅಗಲವಾದ ಮೆಟ್ಟಲು ಇರುವುದೇ ಎಂಬುದನ್ನು ಕಂಬ ನೆಡುವಾಗಲೇ ನೋಡಬೇಕು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಕೇಳಿದರೆ ಏನು ಸಿಕ್ಕೀತು ಎಂದು ನಿರಾಶರಾಗುವ ಬಾಂಧವರಿಗೆ ಎರಡು ನಿದರ್ಶನಗಳನ್ನು ಹೇಳುತ್ತೇವೆ. ಕರಾವಳಿ ರಸ್ತೆಯ ಕಂಬಗಳ ನಡುವಿನ ಅಂತರ ಕಡಿಮೆಯಾಗಿ ತಮ್ಮ ದೋಣಿಗಳಿಗೆ ಅಪಾಯವಿದೆಯೆಂದು ವರಳಿಯ ಕೋಳಿ ಮೀನುಗಾರರು ಕೆಲಸವನ್ನೇ ತಡೆದು ನಿಂತರು. 60 ಮೀಟರೇ ಸಾಕೆಂದು ವಾದಿಸಿದ ಸರಕಾರವು 2022ರ ಡಿಸೆಂಬರಿನಲ್ಲಿ 120 ಮೀಟರಿಗೆ ಒಪ್ಪಿತು. ಎಲ್ಫಿನ್‌ಸ್ಟನ್ ಸೇತುವೆಯ ಬದಿಯ ಹಳೆಯ ಕಟ್ಟಡಗಳ ನಿವಾಸಿಗಳು, ತಮಗೆ ಇದೇ ಆಸುಪಾಸಿನಲ್ಲಿ ಮನೆ ಕೊಡಬೇಕೆಂದು ಹಠ ಹಿಡಿದು 2025ರ ಏಪ್ರಿಲಿನಲ್ಲಿ ಸೇತುವೆಯ ಮುಚ್ಚುವಿಕೆಯನ್ನೇ ಮುಂದಕ್ಕೆ ಹಾಕಿಸಿದರು. ಇಂಜಿನಿಯರನು ಎಳೆದ ಗೆರೆ ಬ್ರಹ್ಮಲಿಪಿಯಲ್ಲ. ಒಗ್ಗಟ್ಟಿನ ಜನ ಕೇಳಿದರೆ ಅದು ಅಳಿಸುತ್ತದೆ, ಅಗಲವೂ ಆಗುತ್ತದೆ.

ಆದುದರಿಂದ ನಮ್ಮ ಬೇಡಿಕೆಗಳು ಇವು. ಒಂದು: ವರ್ತುಲದ ನಾಲ್ಕು ಬದಿಗಳಲ್ಲಿಯೂ, ಸುರಂಗವೂ ಸೇರಿದಂತೆ, ಬಸ್ಸಿಗೆ ಸಾಲು ಮೀಸಲಿರಲಿ, ಕರಾವಳಿ ರಸ್ತೆಯ ಕಾಗದದಲ್ಲಿ ಬರೆದದ್ದು ನೆಲದ ಮೇಲೆ ಬರಲಿ. ಎರಡು: ಹೋಟೆಲು, ಆಸ್ಪತ್ರೆ, ಮಾರುಕಟ್ಟೆಗಳ ಪಾಳಿಗೆ ಹೊಂದುವಂತೆ ನಡುರಾತ್ರಿಯಿಂದ ಬೆಳಗಿನ ಮೊದಲ ಲೋಕಲಿನವರೆಗೆ ಈ ರಸ್ತೆಗಳ ಮೇಲಿಂದ ಉಪನಗರಗಳಿಗೆ ಬಸ್ಸು ಓಡಲಿ. ಮೂರು: ಎತ್ತರದ ರಸ್ತೆ ರೈಲು ನಿಲ್ದಾಣವನ್ನು ದಾಟುವಲ್ಲೆಲ್ಲ ನಡೆಯುವವರ ದಾರಿ ಮೊದಲು ಮುಗಿಯಲಿ, ಮೋಟಾರಿನ ದಾರಿ ಆಮೇಲೆ ತೆರೆಯಲಿ. ನಾಲ್ಕು: ರಸ್ತೆಗಾಗಿ ಮನೆ ಬಿಡುವ ಚಾಳಿನವರಿಗೆ ಅದೇ ವಠಾರದಲ್ಲಿ ಮನೆ ಸಿಗಲಿ, ಮನೆ ಸಿಗುವವರೆಗೆ ಗೋಡೆಗೆ ಗುದ್ದಲಿ ತಾಗದಿರಲಿ. ಇವುಗಳಲ್ಲಿ ಯಾವುದೂ ರಸ್ತೆಯನ್ನು ನಿಲ್ಲಿಸುವ ಬೇಡಿಕೆಯಲ್ಲ.

ಈಸ್ಟರ್ನ್ ಫ್ರೀವೇ ಹೊರಡುವ ಬೀದಿಗೆ ಪಿ. ಡಿಮೆಲ್ಲೊ ರಸ್ತೆಯೆಂದು ಹೆಸರು. ಮಂಗಳೂರು ಕಡೆಯಿಂದ ಬಂದು ಇದೇ ಬಂದರಿನ ಕಾರ್ಮಿಕರನ್ನು ಒಗ್ಗೂಡಿಸಿದ ಪ್ಲಾಸಿಡ್ ಡಿಮೆಲ್ಲೊ ಅವರ ಹೆಸರದು. ದುಡಿಯುವವರ ಮುಂದಾಳಿನ ಹೆಸರಿನ ಬೀದಿಯಿಂದ ಏರುವ ರಸ್ತೆಯಲ್ಲಿ ದುಡಿಯುವವನ ಬಸ್ಸಿಗೆ ಮೊದಲ ಸ್ಥಾನ ಬೇಕೆಂದು ಕೇಳುವುದು ಅತಿಯಾಸೆಯೇನಲ್ಲ. ಸದಸ್ಯರು ತಮ್ಮ ತಮ್ಮ ಹೋಟೆಲು, ಚಾಳುಗಳಲ್ಲಿ ಈ ನಾಲ್ಕು ಬೇಡಿಕೆಗಳನ್ನು ಓದಿ ಹೇಳಿ, ಯಾವ ಪಾಳಿಯವರು ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಿಗೆ ಹೋಗಬೇಕಾಗಿದೆ ಎಂಬ ಪಟ್ಟಿ ಮಾಡಿ ಸಂಘದ ಕಚೇರಿಗೆ ಮುಟ್ಟಿಸಬೇಕೆಂದು ಕೋರುತ್ತೇವೆ. ವರ್ತುಲದ ಎರಡು ಬದಿಗಳ ಕೆಲಸ ಇನ್ನೂ ನಡೆಯುತ್ತಿದೆ. ಸಿಮೆಂಟು ಹಸಿಯಿರುವಾಗಲೇ ನಮ್ಮ ಗುರುತು ಅದರಲ್ಲಿ ಬೀಳಬೇಕು.