ಬದನಿಕೆಗೂ ಕಾಡಿನಲ್ಲಿ ಪಾಲಿದೆ

ನ್ಯೂಜಿಲೆಂಡಿನ ಉತ್ತರ ದ್ವೀಪದಲ್ಲಿ, ಕೇಂಬ್ರಿಡ್ಜ್ ಪಟ್ಟಣದ ಹತ್ತಿರ, 1954ರಲ್ಲಿ ಕಂಡದ್ದೇ ಕೊನೆ. ಟ್ರೈಲೆಪಿಡಿಯ ಆಡಮ್ಸಿ ಎಂಬ ಬದನಿಕೆಯನ್ನು ಆಮೇಲೆ ಯಾರೂ ನೋಡಿಲ್ಲ. ಜಗತ್ತಿನ ಬೇರೆಲ್ಲೂ ಇಲ್ಲದಿದ್ದ ಗಿಡ ಅದು. ಕಾಡು ಕಡಿದರು, ಹಕ್ಕಿಗಳು ವಿರಳವಾದವು, ಸಸ್ಯಸಂಗ್ರಾಹಕರು ಕಿತ್ತೊಯ್ದರು. ತುಪ್ಪಳಚರ್ಮದ ವ್ಯಾಪಾರಕ್ಕೆಂದು ಆಸ್ಟ್ರೇಲಿಯಾದಿಂದ ತಂದ, ಮರ ಹತ್ತುವ ಪ್ರಾಣಿಗಳಾದ ಪಾಸಮ್‌ಗಳಿಗೂ ಬದನಿಕೆಯ ಎಲೆ ಬಲು ಇಷ್ಟ.

ಮರದ ಕೊಂಬೆಗೆ ಬೇರಿಳಿಸಿ ನೀರು ಹೀರುವ ಗಿಡಕ್ಕಾಗಿ ಮರುಗುವುದೇಕೆ ಎಂದು ಮಾವು, ಸಪೋಟ ಬೆಳೆಯುವ ನಮ್ಮ ರೈತರು ಕೇಳಬಹುದು. ತೋಟದಲ್ಲಿ ಬದನಿಕೆಯನ್ನು ಕತ್ತರಿಸುವುದು ಸರಿಯೇ. ಕಾಡಿನ ಲೆಕ್ಕ ಬೇರೆ. ಆಸ್ಟ್ರೇಲಿಯಾದ ಪರಿಸರ ವಿಜ್ಞಾನಿ ಡೇವಿಡ್ ವಾಟ್ಸನ್ ಅವರ ತಂಡ ಕೆಲವು ಕಾಡುತುಣುಕುಗಳಿಂದ ಬದನಿಕೆಯನ್ನೆಲ್ಲ ತೆಗೆದು ನೋಡಿತು. ಮೂರೇ ವರ್ಷಗಳಲ್ಲಿ ಅಲ್ಲಿನ ಹಕ್ಕಿಪ್ರಭೇದಗಳಲ್ಲಿ ಸರಾಸರಿ ಐದನೇ ಒಂದು ಪಾಲು ಇಲ್ಲವಾಯಿತು.

ನ್ಯೂಜಿಲೆಂಡಿನ ಬೀಚ್ ಮರಗಳ ಮೇಲೆ ಬೇಸಿಗೆಯಲ್ಲಿ ಕೆಂಪಗೆ ಅರಳುವ ಇನ್ನೊಂದು ಬದನಿಕೆ, ಪೆರಾಕ್ಸಿಲ್ಲ, ಈಗಲೂ ಉಳಿದಿದೆ. ಅದರ ಮೊಗ್ಗು ತಾನಾಗಿ ಬಿರಿಯುವುದು ಅಪರೂಪ. ಬೆಲ್‌ಬರ್ಡ್ ಅಥವಾ ಟುಯಿ ಹಕ್ಕಿ ಬಂದು ಕೊಕ್ಕಿನಿಂದ ಅದರ ತುದಿಯನ್ನು ತಿರುಚಬೇಕು. ಆಗ ಎಸಳುಗಳು ಪಟ್ಟನೆ ಸಿಡಿದು ಪರಾಗ ಹಕ್ಕಿಯ ತಲೆಗೆ ಮೆತ್ತುತ್ತದೆ. ಪುಟ್ಟ ಸ್ಥಳೀಯ ಜೇನ್ನೊಣಗಳೂ ಕೆಲವು ಮೊಗ್ಗುಗಳನ್ನು ತೆರೆಯುತ್ತವೆ, ಆದರೆ ಮುಖ್ಯ ಕೆಲಸ ಹಕ್ಕಿಗಳದ್ದೇ. ಹಣ್ಣಿನ ಸಿಪ್ಪೆ ಕಳಚದೆ ಬೀಜ ಮೊಳೆಯದು, ಅದಕ್ಕೂ ಹಕ್ಕಿಯ ಹೊಟ್ಟೆಯೇ ಬೇಕು. ಎಷ್ಟು ಸೊಗಸಾದ ಏರ್ಪಾಡು!

ಅಲ್ಲಿ ಈ ಗಿಡಗಳಿರುವ ಮರದ ಕಾಂಡಕ್ಕೆ ತಗಡಿನ ಪಟ್ಟಿ ಸುತ್ತಿ ಪಾಸಮ್ ಹತ್ತದಂತೆ ತಡೆಯುತ್ತಾರೆ. ಒಳ್ಳೆಯ ಕೆಲಸ, ಆದರೆ ಸಾಲದು. ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಡೇವ್ ಕೆಲ್ಲಿ, ಜೆನ್ನಿ ಲ್ಯಾಡ್ಲಿ ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಕಂಡದ್ದು ಪರಾಗಸ್ಪರ್ಶದ ಕೊರತೆ, ಏಕೆಂದರೆ ಹಕ್ಕಿಗಳೇ ಕಡಿಮೆ. ಮೊಲಗಳನ್ನು ಹತ್ತಿಕ್ಕಲೆಂದು 19ನೇ ಶತಮಾನದಲ್ಲಿ ತಂದುಬಿಟ್ಟ ಸ್ಟೋಟ್ ಎಂಬ ಬೇಟೆಪ್ರಾಣಿ ಬೆಲ್‌ಬರ್ಡ್‌ಗಳ ಗೂಡಿಗೆ ನುಗ್ಗುತ್ತಿದೆ. ಎಲೆ ಉಳಿಸಿ ಹಕ್ಕಿಯನ್ನು ಕಳೆದುಕೊಂಡರೆ ಗಿಡ ಬದುಕಿರುತ್ತದೆ, ಸಂತತಿ ಸೊರಗುತ್ತದೆ.

ಹೀಗೆ ಹೊರಗಿನಿಂದ ಬಂದ ಪ್ರಮುಖ ಪರಭಕ್ಷಕ ಪ್ರಾಣಿಗಳನ್ನು 2050ರೊಳಗೆ ನಿರ್ಮೂಲ ಮಾಡುವ ಗುರಿಯನ್ನು ನ್ಯೂಜಿಲೆಂಡ್ ಸರ್ಕಾರ 2016ರಲ್ಲಿ ಘೋಷಿಸಿತು. ಕೀವಿಯಂಥ ಹೆಸರಾಂತ ಹಕ್ಕಿಗಳಿರುವ ಕಾಡುಗಳಿಗಷ್ಟೇ ಅದರಲ್ಲಿ ಆದ್ಯತೆ ಸಿಗಬಾರದು. ಪೆರಾಕ್ಸಿಲ್ಲ ಹೂಬಿಡುವ ಬೀಚ್ ಕಾಡುಗಳಲ್ಲಿ ಪಾಸಮ್ ತಡೆಯ ಜೊತೆಗೇ ಸ್ಟೋಟ್ ಬೋನುಗಳನ್ನೂ ಇಡಬೇಕು, ಅದೂ ಬೆಲ್‌ಬರ್ಡ್ ಗೂಡು ಕಟ್ಟುವ ವಸಂತಕ್ಕೆ ಮೊದಲೇ.