ಬೋಟು ಹಡಗಿನ ಕಣ್ಣಿಗೆ ಬೀಳಬೇಕು

ಸಮುದ್ರದಲ್ಲಿ ಹಡಗುಗಳು ಒಂದನ್ನೊಂದು ಗುರುತಿಸಲು ಬಳಸುವ ಮುಖ್ಯ ಸಾಧನ ಎಐಎಸ್. ಹಡಗಿನ ಹೆಸರು, ಒಂಬತ್ತು ಅಂಕಿಯ ಗುರುತಿನ ಸಂಖ್ಯೆ, ಜಿಪಿಎಸ್ ಸ್ಥಾನ, ವೇಗ, ದಿಕ್ಕು ಇವಿಷ್ಟನ್ನೂ ಅದು ವಿಎಚ್‌ಎಫ್ ರೇಡಿಯೊದಲ್ಲಿ ತಾನಾಗಿಯೇ ಬಿತ್ತರಿಸುತ್ತದೆ. ಓಡುತ್ತಿರುವ ದೊಡ್ಡ ಹಡಗಿನಿಂದ ವೇಗಕ್ಕೆ ತಕ್ಕಂತೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದ ಹಡಗಿನಿಂದ 3 ನಿಮಿಷಕ್ಕೊಮ್ಮೆ ಈ ಮಾಹಿತಿ ಹೊರಡುತ್ತದೆ. ಅಂತರರಾಷ್ಟ್ರೀಯ ಯಾನ ಮಾಡುವ, 300 ಟನ್ನೇಜ್ ಮತ್ತು ಅದಕ್ಕೂ ದೊಡ್ಡ ಹಡಗುಗಳಿಗೆಲ್ಲ 2004ರ ಕೊನೆಯಿಂದ ಇದು ಕಡ್ಡಾಯ. ಭಾರತದಲ್ಲಿ 2008ರ ಮುಂಬೈ ದಾಳಿಯ ಬಳಿಕ 20 ಮೀಟರಿಗಿಂತ ಉದ್ದದ ಮೀನುಗಾರಿಕಾ ಬೋಟುಗಳನ್ನೂ ಈ ವ್ಯಾಪ್ತಿಗೆ ತರಲಾಯಿತು. ಬೋಟಿನ ಉದ್ದವನ್ನು ಅಳತೆಗೋಲಾಗಿಸಿದ್ದೇ ತಪ್ಪು. ರಾತ್ರಿ ಆಳಸಮುದ್ರದಲ್ಲಿ ತಂಗುವ ಪ್ರತಿ ಬೋಟಿನಲ್ಲೂ ಈ ಯಂತ್ರ ಇರಬೇಕು, ಅದು ಚಾಲೂ ಇರಬೇಕು.

ಬಂದ ಮಾಹಿತಿಯನ್ನು ನಕ್ಷೆಯ ಮೇಲೆ ತೋರಿಸುವುದು ತಂತ್ರಾಂಶಕ್ಕೆ ಸಣ್ಣ ಕೆಲಸ; ಪ್ರಾಣ ಉಳಿಸುವುದು ಅದು ಹಾಕುವ ಲೆಕ್ಕ. ಈಗಿನ ದಿಕ್ಕು, ವೇಗಗಳಲ್ಲೇ ಸಾಗಿದರೆ ಎರಡು ನಾವೆಗಳು ಅತಿ ಹತ್ತಿರವಾದಾಗ ನಡುವೆ ಎಷ್ಟು ಅಂತರ ಉಳಿಯುತ್ತದೆ, ಆ ಗಳಿಗೆಗೆ ಇನ್ನೆಷ್ಟು ನಿಮಿಷ ಇದೆ ಎಂಬ ಎರಡು ಅಂಕಿಗಳನ್ನು ಅದು ಕ್ಷಣಕ್ಷಣಕ್ಕೂ ಹೊಸದಾಗಿ ಹೇಳುತ್ತದೆ. ಇಟ್ಟ ಮಿತಿಗಿಂತ ಅಂತರ ಕಡಿಮೆಯಾಗುವಂತಿದ್ದರೆ ಗಂಟೆ ಬಾರಿಸುತ್ತದೆ. ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶವೂ ಇದನ್ನು ಮಾಡಬಲ್ಲದು. 20 ನಾಟ್ ವೇಗದ ಸರಕು ಹಡಗು 6 ನಾಟಿಕಲ್ ಮೈಲಿ ದಾಟಲು 18 ನಿಮಿಷ ಸಾಕು. ಬಲೆ ಎಳೆಯುತ್ತಿರುವ ಟ್ರಾಲ್ ಬೋಟು ಥಟ್ಟನೆ ತಿರುಗುವಂತಿಲ್ಲ. ಅದಕ್ಕೆ ಆ 18 ನಿಮಿಷವೂ ಬೇಕು.

ಮೊಬೈಲಿನಲ್ಲಿ ಸಿಗುವ ಹಡಗು-ನಕ್ಷೆಗಳನ್ನು ಹಲವರು ಇದಕ್ಕೆ ಸಮ ಎಂದುಕೊಂಡಿದ್ದಾರೆ. ಅವು ದಡದ ಆಂಟೆನಾಗಳು, ಉಪಗ್ರಹಗಳು ಕೊಟ್ಟದ್ದನ್ನು ತಡವಾಗಿ ತೋರಿಸುತ್ತವೆ. ಆಳಸಮುದ್ರದಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಅವು ಬೋಟಿನ ಇರವನ್ನು ಹಡಗಿಗೆ ತಿಳಿಸುವುದಿಲ್ಲ. ಸರ್ಕಾರದ ಮೀನುಗಾರಿಕಾ ಯೋಜನೆಯಡಿ ಬೋಟುಗಳಿಗೆ ಅಳವಡಿಸುತ್ತಿರುವ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಒಳ್ಳೆಯದೇ. ಅಪಾಯದ ಕರೆ, ಹವಾಮಾನದ ಎಚ್ಚರಿಕೆಗೆ ಅದು ಬೇಕೇ ಬೇಕು. ಆದರೆ ಅದರ ಮಾತುಕತೆ ಉಪಗ್ರಹದ ಮೂಲಕ ದಡದ ಕೇಂದ್ರದೊಂದಿಗೆ. ಎದುರಿಗೆ ಬರುತ್ತಿರುವ ಹಡಗಿನವರಿಗೆ ನೇರವಾಗಿ ಕೇಳಿಸುವುದು ಎಐಎಸ್ ಮಾತ್ರ.

2021ರ ಏಪ್ರಿಲ್‌ನ ಒಂದು ರಾತ್ರಿ ಮಂಗಳೂರಿನಿಂದ ಸುಮಾರು 40 ನಾಟಿಕಲ್ ಮೈಲಿ ಆಚೆ ಕೇರಳದ ಬೇಪೂರಿನ ‘ರಬಾ’ ಮೀನುಗಾರಿಕಾ ಬೋಟಿಗೂ ಸಿಂಗಪುರ ಧ್ವಜದ ಸರಕು ಹಡಗಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಬದುಕಿ ಬಂದವರು ಇಬ್ಬರು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಮೀನು ಹಿಡಿಯುತ್ತಿರುವ ನಾವೆಗೆ ಯಂತ್ರಚಾಲಿತ ಹಡಗೇ ದಾರಿ ಬಿಡಬೇಕು. ಕಾಣದ ಬೋಟಿಗೆ ದಾರಿ ಬಿಡುವವರಾರು? ಮರದ, ಫೈಬರಿನ ಬೋಟುಗಳು ರಾಡಾರ್ ಪರದೆಯ ಮೇಲೆ ಅಲೆಗಳ ಗದ್ದಲದಲ್ಲಿ ಸುಲಭವಾಗಿ ಕಳೆದುಹೋಗುತ್ತವೆ.

ಮೀನು ಸಿಗುವ ಜಾಗ ಬೇರೆಯವರಿಗೆ ಗೊತ್ತಾಗುತ್ತದೆಂದು ಬೋಟು ನಡೆಸುವ ತಾಂಡೇಲರು ಎಐಎಸ್ ಆರಿಸುವುದುಂಟು. ಆ ಅಂಜಿಕೆ ಸುಳ್ಳಲ್ಲ. ಆದರೆ ಪಕ್ಕದ ಬೋಟಿನಿಂದ ಮರೆಯಾದದ್ದು ಸರಕು ಹಡಗಿನಿಂದಲೂ ಮರೆಯಾಗುತ್ತದೆ. ಅಮೆರಿಕದ ನೌಕಾಪಡೆಯೂ ಗುಟ್ಟಿಗಾಗಿಯೇ ಎಐಎಸ್ ಬಿತ್ತರಿಸುತ್ತಿರಲಿಲ್ಲ. 2017ರ ಜೂನ್ ಮತ್ತು ಆಗಸ್ಟ್‌ನಲ್ಲಿ ಅದರ ಫಿಟ್ಜ್‌ಜೆರಾಲ್ಡ್, ಜಾನ್ ಎಸ್. ಮೆಕೇನ್ ಯುದ್ಧನೌಕೆಗಳು ವ್ಯಾಪಾರಿ ಹಡಗುಗಳಿಗೆ ಡಿಕ್ಕಿಯಾಗಿ 17 ನಾವಿಕರು ಸತ್ತರು. ಕಾವಲಿನ, ತರಬೇತಿಯ ಲೋಪಗಳೇ ಅಲ್ಲಿ ದೊಡ್ಡವು. ಹಾಗಿದ್ದೂ, ದಟ್ಟ ಸಂಚಾರದ ಕಡಲಿನಲ್ಲಿ ಎಐಎಸ್ ಬಿತ್ತರಿಸುವಂತೆ ಆ ಬಳಿಕ ನೌಕಾಪಡೆ ಸೂಚಿಸಿತು.

ಯಂತ್ರ ಬಂತೆಂದು ಕಾವಲು ಬಿಡುವಂತಿಲ್ಲ, ಏಕೆಂದರೆ ಎಐಎಸ್ ಇಲ್ಲದ, ಆರಿಸಿದ ನಾವೆಗಳು ಪರದೆಗೆ ಬರುವುದೇ ಇಲ್ಲ. ಎಚ್ಚರಿಕೆಯ ಮಿತಿಯನ್ನು ತೀರ ದೊಡ್ಡದಾಗಿಟ್ಟರೆ ಬಂದರಿನ ಬಳಿ ಗಂಟೆ ನಿಲ್ಲದೆ ಬಾರಿಸುತ್ತದೆ. ಕಾಟ ತಾಳದೆ ಯಾರಾದರೂ ಅದನ್ನು ಆರಿಸಿಯೇಬಿಡುತ್ತಾರೆ. ಗುರುತಿನ ಸಂಖ್ಯೆಯನ್ನು ತಪ್ಪಾಗಿ ತುಂಬಿದರೆ ಒಂದು ಬೋಟು ಇನ್ನೊಂದರ ಹೆಸರಿನಲ್ಲಿ ಕಾಣಬಹುದು. ಇವನ್ನೆಲ್ಲ ಬೋಟಿನ ಮೇಲೆಯೇ ಕೂತು ಕಲಿಸಬೇಕು. ಸರ್ಕಾರದ ಸಹಾಯಧನ ಯಂತ್ರಕ್ಕಷ್ಟೇ ಅಲ್ಲ, ಆ ಕಲಿಕೆಗೂ ಸಿಗಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲೇ ಇರುತ್ತವೆ. ಆಂಟೆನಾ ಎತ್ತರಕ್ಕೇರಿಸಿ, ಸಂಖ್ಯೆ ಪರೀಕ್ಷಿಸಿ, ಗಂಟೆಯ ಮಿತಿ ಹೊಂದಿಸಿದ ಮೇಲೆಯೇ ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿಯುವಂತೆ ಮೀನುಗಾರಿಕೆ ಇಲಾಖೆ ನಿಯಮ ಮಾಡಬೇಕು.