ನಮ್ಮೋರನ್ನೇ ಎಲ್ಲಿಯೋರು ಅಂತ ಕೇಳೋದು

'ನೀವು ಎಲ್ಲಿಯವರು?' ಇಲ್ಲಿ ಫೇರ್‌ಫ್ಯಾಕ್ಸ್‌ನಲ್ಲಿ ಈ ಪ್ರಶ್ನೆ ಎದುರಿಸದ ದೇಸಿಗಳು ಇರಲಿಕ್ಕಿಲ್ಲ. 'ಇದೇ ಊರು' ಅಂದ್ರೆ ಸಾಲಲ್ಲ, 'ಅಲ್ಲ, ಮೂಲತಃ?' ಅಂತ ಇನ್ನೊಂದು ಬಂದೇ ಬರುತ್ತೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಹೀಗೆ ಕೇಳಿದ್ರಂತೂ ನಮಗೆ ಮೈಯೆಲ್ಲಾ ಉರಿಯುತ್ತೆ. ಸರಿ, ಉರೀಲಿ. ಆದ್ರೆ ಇದೇ ಪ್ರಶ್ನೇನ ನಾವು ಊರಲ್ಲಿ ನಮ್ಮೋರಿಗೇ ತಲೆಮಾರುಗಳಿಂದ ಕೇಳ್ತಾ ಬಂದಿದೀವಲ್ಲ, ಅದಕ್ಕೇನಂತೀರಿ?

ನಾನು ಹೇಳ್ತಾ ಇರೋದು ಸಿದ್ದಿಗಳ ವಿಷಯ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನ ಜನ. ಇವರ ಪೂರ್ವಜರಲ್ಲಿ ಬಹಳಷ್ಟು ಮಂದಿಯನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವಾಕ್ಕೆ ತಂದವರು ಪೋರ್ಚುಗೀಸರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿಕೊಂಡರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯೊಳಗೆ ಹೆಚ್ಚಾಗಿ ಕೊಂಕಣಿಯ ಒಂದು ಬಗೆ, ಹೊರಗೆ ಕನ್ನಡ. ಹೆಂಗಸರು ಹಳೇ ಸೀರೆ, ಬಟ್ಟೆಗಳ ತುಂಡು ಸೇರಿಸಿ ಕೈಯಲ್ಲೇ ಕೌದಿ ಹೊಲೀತಾರೆ, ಹಬ್ಬಕ್ಕೆ ದಮಾಮಿ ಬಾರಿಸಿ ಕುಣೀತಾರೆ.

ಮೊಗಲರನ್ನು ದಖ್ಖನ್ನಿನಲ್ಲಿ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಕೂಡ ಇಥಿಯೋಪಿಯಾದಿಂದ ಗುಲಾಮನಾಗಿ ಬಂದವನೇ. ಅವನನ್ನ ನಮ್ಮ ಚರಿತ್ರೆಯೊಳಗೆ ಸೇರಿಸಿಕೊಳ್ಳೋಕೆ ನಮಗೇನೂ ಅಡ್ಡಿಯಿಲ್ಲ. ಬಸ್ಸಲ್ಲಿ ಪಕ್ಕ ಕೂತ ಸಿದ್ದಿ ಹುಡುಗ ಕನ್ನಡ ಮಾತಾಡಿದ್ರೆ ಮಾತ್ರ ಆಶ್ಚರ್ಯ!

ಸರ್ಕಾರದ ಕಥೆ ಇನ್ನೊಂಥರಾ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರಲ್ಲಿ. ಅಂದ್ರೆ ಹಳಿಯಾಳದಲ್ಲಿದ್ದವರು ಪಂಗಡ, ಗಡಿ ದಾಟಿ ಕಲಘಟಗಿಗೋ ಖಾನಾಪುರಕ್ಕೋ ಹೋದ್ರೆ ಅಲ್ಲ! ಜಿಲ್ಲೆಯ ಗೆರೆ ಎಳೆದೋರು ಯಾರೋ, ಹದಿನೇಳು ವರ್ಷ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ನೌಕರಿಯ ಮೀಸಲಾತಿ ಕಳಕೊಂಡೋರು ಇನ್ಯಾರೋ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು. ಒಳ್ಳೇದೇ, ಆದ್ರೆ ಎಷ್ಟು ತಡ!

ನನಗನ್ನಿಸೋದು ಇಷ್ಟೇ. ಅಮೆರಿಕಾಕ್ಕೆ ಬಂದು ಇಪ್ಪತ್ತು ವರ್ಷಕ್ಕೇ 'ನಾವೂ ಇಲ್ಲಿಯವರೇ' ಅಂತ ಹಕ್ಕಿನಿಂದ ಹೇಳೋ ನಾವು, ನೂರಾರು ವರ್ಷದಿಂದ ಆ ನೆಲದಲ್ಲೇ ಇರೋರನ್ನ ಇನ್ನೂ 'ಆಫ್ರಿಕಾದೋರು' ಅಂತ ಕರೆಯೋದು ಯಾವ ನ್ಯಾಯ? ರಾಜ್ಯೋತ್ಸವಕ್ಕೆ ಕರೆಸಿ ಕುಣಿಸಿದ್ರೆ ಅಭಿಮಾನ ಮುಗೀತಾ? ಕುಣಿತ ಆದಮೇಲೆ ಅವರೂ ನಮ್ಮ ಜೊತೆ ಪಂಕ್ತೀಲಿ ಕೂತು ಊಟ ಮಾಡ್ಬೇಕು, ಅವರ ಮಕ್ಕಳು ಮೇಷ್ಟ್ರು, ಡಾಕ್ಟ್ರು, ತಹಶೀಲ್ದಾರರು ಆದಾಗ ಯಾರೂ ಹುಬ್ಬೇರಿಸಬಾರದು.

ಕನ್ನಡಿಗ ಅನ್ನೋದಕ್ಕೆ ಬಣ್ಣ, ಕೂದಲಿನ ಪರೀಕ್ಷೆ ಯಾವಾಗಿಂದ ಶುರುವಾಯ್ತು? ನೀವೇ ಹೇಳಿ.